ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಇಂಗ್ಲಿಷ್ ಪಾಠ ಹುಟ್ಟಿದ ಕಥೆ

ಹೋದ ಸಂಚಿಕೆಯಲ್ಲಿ ಗೌರಿ ವಿಶ್ವನಾಥನ್ ಅವರ ಹೆಸರು ಒಂದು ಕಡೆ ಬಂದಿತ್ತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿ ಅವರು. 1989ರಲ್ಲಿ ಬಂದ ಅವರ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' (ಗೆಲುವಿನ ಮುಖವಾಡಗಳು) ಎಂಬ ಪುಸ್ತಕ, ಬ್ರಿಟಿಷರು ಇಂಗ್ಲಿಷ್ ಸಾಹಿತ್ಯವನ್ನು ಇಲ್ಲಿ ಪಾಠವಾಗಿ ಇಟ್ಟದ್ದು ಯಾಕೆ ಅಂತ ಕೇಳುತ್ತದೆ. ನಾನು ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದೆಲ್ಲ ಪತ್ರ ಬಂದಿವೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ಸಂಸಾರ ನಡೆಸಿದವನು ನಾನು. ಇದು ನನ್ನ ಅನ್ನದ ವಿಷಯ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ.

ಮಾಲೂರಿನ ಬಿ.ಎ. ವಿದ್ಯಾರ್ಥಿನಿ: ಸರ್, ಇಂಗ್ಲಿಷ್ ಸಾಹಿತ್ಯ ಒಂದು ಪಾಠವಾಗಿ ಇಂಗ್ಲೆಂಡಿಗಿಂತ ಮೊದಲು ಇಂಡಿಯಾದಲ್ಲೇ ಗಟ್ಟಿಯಾಯಿತು ಅಂತ ನಮ್ಮ ಮೇಡಂ ಹೇಳಿದರು. ನಂಬೋಕಾಗಲಿಲ್ಲ. ಅವರ ಶೇಕ್ಸ್‌ಪಿಯರ್ ಅವರ ಮಕ್ಕಳಿಗೇ ಪಾಠ ಆಗಿರಲಿಲ್ಲವೇ?

ನಿಮ್ಮ ಮೇಡಂ ಹೇಳಿದ್ದು ಸರಿ, ತಾಯಿ. ಶೇಕ್ಸ್‌ಪಿಯರನ್ನು ಇಂಗ್ಲೆಂಡಿನವರು ಮನೆಯಲ್ಲಿ ಓದುತ್ತಿದ್ದರು, ನಾಟಕ ನೋಡುತ್ತಿದ್ದರು. ಆದರೆ ದೊಡ್ಡವರ ಮಕ್ಕಳು ಕಾಲೇಜಿನಲ್ಲಿ ಕಲಿಯುತ್ತಿದ್ದದ್ದು ಗ್ರೀಕು, ಲ್ಯಾಟಿನ್. ಬಡವರ ಮಕ್ಕಳಿಗೆ ಚರ್ಚಿನ ಶಾಲೆ, ಅಲ್ಲಿ ಬೈಬಲು. ಲಂಡನ್ನಿನ ಹೊಸ ವಿಶ್ವವಿದ್ಯಾಲಯದಲ್ಲಿ 1828ರಲ್ಲಿ ಇಂಗ್ಲಿಷಿಗೆ ಒಬ್ಬ ಪ್ರೊಫೆಸರು ಬಂದರು, ನಿಜ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷಿಗೆ ಪ್ರತ್ಯೇಕ ಪದವಿ ಬಂದದ್ದು 1894ರಲ್ಲಿ. ಕೇಂಬ್ರಿಜ್‌ನಲ್ಲಿ 1917. ಅಷ್ಟು ಹೊತ್ತಿಗೆ ಕಲ್ಕತ್ತಾ, ಮದರಾಸಿನ ಹುಡುಗರು ಮಿಲ್ಟನ್, ಬೇಕನ್, ಅಡಿಸನ್ ಉರುಹೊಡೆದು ಪರೀಕ್ಷೆ ಬರೆಯುವುದಕ್ಕೆ ಶುರುಮಾಡಿ ಎರಡು ಮೂರು ತಲೆಮಾರು ಆಗಿತ್ತು.

ಯಾಕೆ ಹೀಗಾಯಿತು ಅನ್ನುವುದೇ ಗೌರಿಯವರ ಪುಸ್ತಕ. ಇದರ ಒಂದು ಎಳೆ ನಮ್ಮ ಜಿಲ್ಲೆಯ ಬೂದಿಕೋಟೆಯಿಂದ ಹೊರಡುತ್ತದೆ. ಹೈದರ್ ಅಲಿ ಹುಟ್ಟಿದ ಊರು ಅದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಅವನ ಮಕ್ಕಳನ್ನು, ಅಂದರೆ ಹೈದರನ ಮೊಮ್ಮಕ್ಕಳನ್ನು, ಈಸ್ಟ್ ಇಂಡಿಯಾ ಕಂಪನಿಯವರು ವೆಲ್ಲೂರಿನ ಕೋಟೆಯಲ್ಲಿ ಇಟ್ಟಿದ್ದರು. ಆ ಕೋಟೆಯ ಸಿಪಾಯಿಗಳಿಗೆ ಹೊಸ ಹುಕುಂ ಬಂತು. ಹೊಸ ಥರದ ಟೋಪಿ ಹಾಕಬೇಕು, ಕವಾಯತಿಗೆ ನಾಮ ವಿಭೂತಿ ಇಟ್ಟುಕೊಂಡು ಬರಬಾರದು, ಗಡ್ಡ ಬಿಡಬಾರದು. ನಮ್ಮನ್ನೆಲ್ಲ ಕ್ರಿಸ್ತಾನರನ್ನಾಗಿ ಮಾಡುತ್ತಾರೆ ಅಂತ ಸುದ್ದಿ ಹಬ್ಬಿತು. 1806ರ ಜುಲೈ 10ರಂದು ಸಿಪಾಯಿಗಳು ದಂಗೆ ಎದ್ದರು. ಕೋಟೆಯ ಮೇಲೆ ಟಿಪ್ಪುವಿನ ಬಾವುಟ ಹಾರಿತು. ದಂಗೆಯನ್ನು ಒಂದೇ ದಿನದಲ್ಲಿ ಕ್ರೂರವಾಗಿ ಅಡಗಿಸಿದರು. ಆದರೆ ಕಂಪನಿಯವರ ಎದೆಯಲ್ಲಿ ಭಯ ಉಳಿಯಿತು. ಈ ಜನರ ಧರ್ಮಕ್ಕೆ ಕೈ ಹಾಕಿದರೆ ರಾಜ್ಯವೇ ಹೋದೀತು ಅಂತ. ಮದರಾಸಿನ ಗವರ್ನರನ್ನು ವಾಪಸು ಕರೆಸಿಕೊಂಡರು. ಅವನ ಹೆಸರು ವಿಲಿಯಂ ಬೆಂಟಿಂಕ್. ನೆನಪಿಟ್ಟುಕೊಳ್ಳಿ, ಇವನು ಮತ್ತೆ ಬರುತ್ತಾನೆ.

1813ರಲ್ಲಿ ಕಂಪನಿಯ ಸನದು ಹೊಸದು ಮಾಡುವಾಗ ಪಾರ್ಲಿಮೆಂಟು ಎರಡು ಕೆಲಸ ಮಾಡಿತು. ಅಲ್ಲಿಯವರೆಗೆ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳಿಗೆ ಸುಲಭಕ್ಕೆ ಜಾಗ ಕೊಡುತ್ತಿರಲಿಲ್ಲ. ಈಗ ಬಾಗಿಲು ತೆಗೆಯಿತು. ಜೊತೆಗೆ, ಇಲ್ಲಿನ ಜನರ ವಿದ್ಯೆಗೆ ವರ್ಷಕ್ಕೆ ಕನಿಷ್ಠ ಒಂದು ಲಕ್ಷ ರೂಪಾಯಿ ತೆಗೆದಿಡಬೇಕು ಅಂತ ಹೇಳಿತು. ಯಾವ ವಿದ್ಯೆ, ಯಾವ ಭಾಷೆ ಅಂತ ಬಿಡಿಸಿ ಹೇಳಲಿಲ್ಲ. ಸುಮಾರು ಹತ್ತು ವರ್ಷ ಆ ಹಣ ಸುಮ್ನೆ ಬಿದ್ದಿತ್ತು.

ಸರ್ಕಾರ ಈಗ ಇಕ್ಕಟ್ಟಿಗೆ ಸಿಕ್ಕಿತು. ಮಿಷನರಿಗಳು ಬೈಬಲು ಕಲಿಸಿ ಅಂತ ಪಟ್ಟು ಹಿಡಿದರು. ಕಲಿಸಿದರೆ ಇನ್ನೊಂದು ವೆಲ್ಲೂರು. ಕಲಿಸದಿದ್ದರೆ, ಧರ್ಮವಿಲ್ಲದ ವಿದ್ಯೆಯಿಂದ ನೀತಿ ಬರುವುದಿಲ್ಲ, ವಿಧೇಯತೆ ಬರುವುದಿಲ್ಲ ಅಂತ ಅವರದೇ ಜನ ಬೈಯುತ್ತಿದ್ದರು. ಆಗ ಅವರಿಗೆ ಕಂಡ ನಡುದಾರಿ ಸಾಹಿತ್ಯ. ಬೈಬಲಿನ ಕಥೆಯನ್ನೇ ಕಾವ್ಯ ಮಾಡಿದ ಮಿಲ್ಟನ್‌ನನ್ನು ಓದಿಸಿದರೆ ಅದರ ಸಾರ ತಾನಾಗಿ ಒಳಗಿಳಿಯುತ್ತದೆ, ಆದರೆ ಪಾಠ ಮಾಡಿದ್ದು ಬೈಬಲು ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ. ಧರ್ಮ ಮಾಡಬೇಕಾದ ಕೆಲಸವನ್ನು ಸಾಹಿತ್ಯಕ್ಕೆ ವಹಿಸಿದರು. ಗೌರಿಯವರು ಅದನ್ನು ಊಹೆಯ ಮೇಲೆ ಹೇಳುವುದಿಲ್ಲ. ಕಮಿಟಿಗಳ ವರದಿ, ಪಾರ್ಲಿಮೆಂಟಿನ ಮುಂದೆ ಅಧಿಕಾರಿಗಳು ಕೊಟ್ಟ ಸಾಕ್ಷಿ, ಮಿಷನರಿಗಳ ಬರಹ, ಎಲ್ಲವನ್ನೂ ಹರಡಿಕೊಂಡು ಹೇಳುತ್ತಾರೆ.

ಇನ್ನೊಂದು ಲಾಭವೂ ಇತ್ತು. ಊರಿಗೆ ಬರುವ ಇಂಗ್ಲಿಷಿನವನು ಕಂದಾಯ ವಸೂಲಿ ಮಾಡುವವನು, ಜಫ್ತಿ ಮಾಡುವವನು. ಪುಸ್ತಕದಲ್ಲಿ ಸಿಗುವ ಇಂಗ್ಲಿಷಿನವನು ನ್ಯಾಯವಂತ, ಕರುಣೆಯುಳ್ಳವನು, ಮಾತು ಬಲ್ಲವನು. ಹುಡುಗ ಎರಡನೆಯವನನ್ನು ಪ್ರೀತಿಸಿದರೆ ಮೊದಲನೆಯವನು ಕಣ್ಣಿಗೆ ಬೀಳುವುದಿಲ್ಲ. ಗೌರಿಯವರು ಪುಸ್ತಕಕ್ಕೆ ಮುಖವಾಡ ಅಂತ ಹೆಸರಿಟ್ಟದ್ದು ಇದಕ್ಕೇ.

1835ರ ಮಾರ್ಚ್ 7ರಂದು ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೆ ಅಂತ ಠರಾವು ಮಾಡಿದ ಗವರ್ನರ್ ಜನರಲ್ ಯಾರು ಗೊತ್ತಾ? ಅದೇ ಬೆಂಟಿಂಕ್. ವೆಲ್ಲೂರಿನಿಂದಾಗಿ ಕೆಲಸ ಕಳೆದುಕೊಂಡಿದ್ದವನು. ಧರ್ಮದ ತಂಟೆಗೆ ಹೋದರೆ ಏನಾಗುತ್ತದೆ ಅಂತ ಅವನಷ್ಟು ಚೆನ್ನಾಗಿ ತಿಳಿದವರು ಕಲ್ಕತ್ತಾದಲ್ಲಿ ಇನ್ನೊಬ್ಬರು ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು ಸೇರಿಸುತ್ತೇನೆ. ನಮ್ಮವರೇ ಇಂಗ್ಲಿಷ್ ಬೇಕು ಅಂತ ಕೇಳಿದರಲ್ಲಾ ಅನ್ನುವವರಿದ್ದಾರೆ. ಕೇಳಿದ್ದು ನಿಜ. ಆದರೆ 1823ರಲ್ಲಿ ರಾಮಮೋಹನ ರಾಯರು ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ ಕೇಳಿದ್ದು ಗಣಿತ, ಭೌತವಿಜ್ಞಾನ, ರಸಾಯನಶಾಸ್ತ್ರ, ಅಂಗರಚನಾಶಾಸ್ತ್ರ. ಕವಿತೆ ಕೊಡಿ ಅಂತ ಕೇಳಿರಲಿಲ್ಲ. ಕೇಳಿದ್ದೊಂದು, ಜಾಸ್ತಿ ಸಿಕ್ಕಿದ್ದು ಇನ್ನೊಂದು.

ಶ್ರೀನಿವಾಸಪುರದ ಮಾವು ಬೆಳೆಗಾರರು: ಮೆಕಾಲೆ 1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ, 'ನಾನು ಇಡೀ ಭಾರತ ಸುತ್ತಿದೆ, ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲ, ಇವರ ಬೆನ್ನೆಲುಬು ಮುರಿಯಬೇಕು' ಅಂದನಂತೆ. ವಾಟ್ಸಾಪಿನಲ್ಲಿ ಬಂದಿದೆ. ಮಕ್ಕಳಿಗೆ ಹೇಳಬಹುದಾ?

ಹೇಳಬೇಡಿ ಅಣ್ಣಾ. ಅದು ಸುಳ್ಳು. ಆ ಮೆಸೇಜಿನಲ್ಲಿ 1835ರ ಫೆಬ್ರವರಿ 2 ಅಂತ ತಾರೀಕು ಇರುತ್ತದೆ. ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ, ಬೆಂಟಿಂಕನ ಕೌನ್ಸಿಲಿನ ಸದಸ್ಯನಾಗಿ ಇಂಡಿಯಾದಲ್ಲಿದ್ದ. ಅದೇ ತಾರೀಕಿನಲ್ಲಿ ಅವನು ಬರೆದದ್ದು ಶಿಕ್ಷಣದ ಮೇಲಿನ ಟಿಪ್ಪಣಿ. ಇಡೀ ಭಾರತ ಸುತ್ತಿದವನೂ ಅಲ್ಲ. 1834ರ ಜೂನ್‌ನಲ್ಲಿ ಮದರಾಸಿನಲ್ಲಿ ಇಳಿದು, ಆರ್ಕಾಟು ದಾಟಿ, ಪಲ್ಲಕ್ಕಿಯಲ್ಲಿ ಘಟ್ಟ ಹತ್ತಿ ನಮ್ಮ ಮೈಸೂರು ಸೀಮೆಗೆ ಬಂದ. ಬೆಂಗಳೂರು, ಶ್ರೀರಂಗಪಟ್ಟಣ ನೋಡಿಕೊಂಡು ಊಟಿಯಲ್ಲಿದ್ದ ಬೆಂಟಿಂಕನನ್ನು ಕಾಣಲು ಹೋದ. ಆಮೇಲೆ ಕಲ್ಕತ್ತಾ.

ಅವನು ನಿಜವಾಗಿ ಬರೆದದ್ದೇ ಸಾಕಷ್ಟು ಕಹಿಯಾಗಿದೆ. ನನಗೆ ಸಂಸ್ಕೃತವೂ ಬಾರದು ಅರಬ್ಬಿಯೂ ಬಾರದು ಅಂತ ಒಪ್ಪಿಕೊಂಡು, ಅದರ ಮುಂದೆಯೇ, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಸಾಲು ಪುಸ್ತಕಕ್ಕೆ ಇಂಡಿಯಾ, ಅರೇಬಿಯಾಗಳ ಸಾಹಿತ್ಯವೆಲ್ಲ ಸೇರಿದರೂ ಸಮ ಅಲ್ಲ ಅಂತ ಬರೆದ. ರಕ್ತ, ಬಣ್ಣದಲ್ಲಿ ಇಂಡಿಯನ್ನರು, ಅಭಿರುಚಿ ಬುದ್ಧಿಯಲ್ಲಿ ಇಂಗ್ಲಿಷರು ಆಗಿರುವ ಒಂದು ವರ್ಗ ಬೇಕು ಅಂದ. ಮಕ್ಕಳಿಗೆ ಇದನ್ನು ಹೇಳಿ. ಸುಳ್ಳು ಬೆರೆಸಿದರೆ ಯಾರೋ ಒಬ್ಬರು ಸುಳ್ಳನ್ನು ಹಿಡಿದು ತೋರಿಸುತ್ತಾರೆ, ಅದರ ಜೊತೆ ನಿಜವೂ ಕಸದ ಬುಟ್ಟಿಗೆ ಹೋಗುತ್ತದೆ.

ಬಂಗಾರಪೇಟೆಯ ಹೈಸ್ಕೂಲ್ ಶಿಕ್ಷಕರು: ನಮ್ಮ ತಾತ ಮಿಷನ್ ಶಾಲೆಯಲ್ಲಿ ಓದಿದವರು. ಮತ ಬದಲಿಸಲಿಲ್ಲ, ಆದರೆ ಅಕ್ಷರ ಸಿಕ್ಕಿತು. ಮಿಷನರಿಗಳು ಕನ್ನಡಕ್ಕೂ ದುಡಿದಿದ್ದಾರೆ. ಇಂಥ ಪುಸ್ತಕ ಅವರನ್ನೆಲ್ಲ ಹೀಗಳೆಯುವುದು ಸರಿಯೇ?

ಮೇಷ್ಟ್ರೇ, ಪುಸ್ತಕ ಹೀಗಳೆಯುವುದಿಲ್ಲ. ಮಿಷನರಿ ಬೇರೆ, ಸರ್ಕಾರ ಬೇರೆ, ಇಬ್ಬರಿಗೂ ಜಗಳವಿತ್ತು ಅಂತ ತೋರಿಸಿಕೊಡುವುದೇ ಅದರ ಹೆಚ್ಚುಗಾರಿಕೆ. 1830ರಲ್ಲಿ ಕಲ್ಕತ್ತಾದಲ್ಲಿ ಶಾಲೆ ತೆರೆದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡಫ್, ಬೈಬಲಿಲ್ಲದ ಸರ್ಕಾರಿ ಕಾಲೇಜುಗಳನ್ನು ಬಹಿರಂಗವಾಗಿ ಬೈದವನು. ಹಿಂದೂ ಹುಡುಗನ ಹಳೆಯ ನಂಬಿಕೆ ಕಿತ್ತು ಹಾಕಿ ಅದರ ಜಾಗದಲ್ಲಿ ಏನೂ ಇಡದೆ ಬಿಡುತ್ತೀರಿ ಅನ್ನುವುದು ಅವನ ತಕರಾರು. 1844ರಲ್ಲಿ ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ಅಂತ ಆಯಿತು. ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ಸಾಹಿತ್ಯದ ಪ್ರಶ್ನೆ. ಬೈಬಲು ಓದಿದ ನಮ್ಮ ಹುಡುಗರಿಗೆ ಮೋಸವಾಯಿತು ಅಂತ ಮಿಷನರಿಗಳು ಕೂಗಾಡಿದರು. 1854ರಲ್ಲಿ ವುಡ್ ಡಿಸ್ಪ್ಯಾಚ್, ಅಂದರೆ ಶಿಕ್ಷಣದ ಬಗ್ಗೆ ಲಂಡನ್ನಿನ ಆದೇಶ, ಬಂದು ಖಾಸಗಿ ಶಾಲೆಗೂ ಅನುದಾನ ಅಂತ ಆದ ಮೇಲೆ ಮಿಷನ್ ಶಾಲೆಗಳಿಗೂ ಸರ್ಕಾರದ ದುಡ್ಡು ಸಿಗುವ ದಾರಿಯಾಯಿತು.

ನಮ್ಮ ಮೈಸೂರು ಸೀಮೆಯ ಲೆಕ್ಕ ಸ್ವಲ್ಪ ಬೇರೆ. 1831ರಿಂದ 1881ರವರೆಗೆ ಇಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ. ತುಮಕೂರಿನ ಪಕ್ಕದ ಗುಬ್ಬಿಯಲ್ಲಿ 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್ ಬಂದು ಕೂತಿತ್ತು. ಅಲ್ಲಿದ್ದ ವಿಲಿಯಂ ಆರ್ಥರ್ ಆ ದಿನಗಳ ಬಗ್ಗೆ 1847ರಲ್ಲಿ ಒಂದು ಪುಸ್ತಕವನ್ನೇ ತಂದ. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಿಂದ ಹೋಬಳಿ ಶಾಲೆಗಳು ಬಂದವು. ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದರಲ್ಲ, ಅದೇ ರೈಸ್. ಹೋಬಳಿಯಲ್ಲಿ ಕನ್ನಡ ಕಲಿಯಬೇಕು. ಮೇಲೆ ಹೋಗಬೇಕು ಅಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಿ ಇಂಗ್ಲಿಷಿನಲ್ಲಿ ಓದಬೇಕು, ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವ ತನಕ ಹೀಗೇ. ಆ ಏಣಿಯ ಕೆಳಗಿನ ಮೆಟ್ಟಿಲಲ್ಲೇ ನಿಂತವರು ಎಷ್ಟು ಜನವೋ.

ಕಿಟ್ಟೆಲರ ನಿಘಂಟು, 1894ರದ್ದು, ನನ್ನ ಮೇಜಿನ ಮೇಲೇ ಇದೆ. ದಿನಾ ತೆಗೆಯುತ್ತೇನೆ. ಬಾಸೆಲ್ ಮಿಷನ್ನು ಅವರನ್ನು ಕಳಿಸಿದ್ದು ಮತಪ್ರಚಾರಕ್ಕೆ, ನಿಜ. ಅವರು ಕನ್ನಡವನ್ನು ಪ್ರೀತಿಸಿದ್ದೂ ನಿಜ. ನಿಮ್ಮ ತಾತನಿಗೆ ಅಕ್ಷರ ಕೊಟ್ಟವರ ಋಣ ಇಟ್ಟುಕೊಳ್ಳಿ. ಆ ಶಾಲೆ ಯಾಕೆ ಇತ್ತು ಅಂತ ತಿಳಿದುಕೊಂಡರೆ ಋಣ ಕಡಿಮೆ ಆಗುವುದಿಲ್ಲ.

ಕೆಜಿಎಫ್, ಮಾರಿಕುಪ್ಪಂನ ಯುವಕ: ಮತಾಂತರದ ಬಗ್ಗೆಯೂ ಗೌರಿಯವರ ಪುಸ್ತಕ ಇದೆಯಂತೆ. ಅದರಲ್ಲಿ ಬಾಬಾಸಾಹೇಬರ ವಿಷಯ ಇದೆಯಾ? ನಮ್ಮ ಕಡೆ ಮತ ಬದಲಿಸಿದವರನ್ನು ಆಸೆಗೆ ಬಿದ್ದವರು ಅಂತ ಸಲೀಸಾಗಿ ಅಂದುಬಿಡುತ್ತಾರೆ.

ಇದೆ ತಮ್ಮಾ. 'ಔಟ್‌ಸೈಡ್ ದ ಫೋಲ್ಡ್', 1998. ನನಗೆ ಮೊದಲನೆಯದಕ್ಕಿಂತ ಇದರ ಮೇಲೆ ಪ್ರೀತಿ ಜಾಸ್ತಿ. ಆಸೆಗೆ ಬಿದ್ದವರು, ಮೋಸ ಹೋದವರು ಅನ್ನುವ ಮಾತಿನಲ್ಲಿ ಮತ ಬದಲಿಸಿದವರಿಗೆ ಸ್ವಂತ ಬುದ್ಧಿಯೇ ಇಲ್ಲ ಅನ್ನುವ ತಾತ್ಸಾರವಿದೆ. ಗೌರಿಯವರು ಅದನ್ನು ತಲೆಕೆಳಗು ಮಾಡುತ್ತಾರೆ. ಮತ ಬದಲಿಸುವುದು ತಾನಿದ್ದ ಸಮಾಜದ ಮೇಲೆ ಒಬ್ಬ ಮನುಷ್ಯ ಹಾಕುವ ವಿಮರ್ಶೆ, ಕೆಲವು ಸಲ ತಾನು ಸೇರಿದ ಹೊಸ ಮತದ ಮೇಲೂ.

ಪಂಡಿತಾ ರಮಾಬಾಯಿಯವರನ್ನೇ ನೋಡಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಸಂಸ್ಕೃತ ಪಂಡಿತೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು. ಅಲ್ಲಿನ ಕ್ರೈಸ್ತ ಸಿಸ್ಟರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರಾ? ಇಲ್ಲ. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ನಾನು ಸೇರಿದ್ದು ಕ್ರಿಸ್ತನನ್ನು, ನಿಮ್ಮ ಚರ್ಚಿನ ಅಧಿಕಾರವನ್ನಲ್ಲ ಅನ್ನುವ ಧಾಟಿ ಅವರದು. ಇಂಥ ಹೆಣ್ಣುಮಗಳನ್ನು ಯಾರು ಆಸೆ ತೋರಿಸಿ ಕರೆದೊಯ್ಯಲು ಸಾಧ್ಯ?

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದರು. ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14, ನಾಗಪುರ. ನಡುವೆ ಇಪ್ಪತ್ತೊಂದು ವರ್ಷ ಓದಿದರು, ಯೋಚಿಸಿದರು. ಸಿದ್ಧವಾಗಿ ಸಿಕ್ಕಿದ ಬೌದ್ಧಧರ್ಮವನ್ನೂ ಹಾಗೇ ತೆಗೆದುಕೊಳ್ಳದೆ ತಿದ್ದಿ ಬರೆದುಕೊಂಡರು. ಸಮಾನ ಹಕ್ಕು ಕಾಗದದ ಮೇಲೆ ಬಂದರೂ ಮನುಷ್ಯನಿಗೆ ತನ್ನದು ಅನ್ನುವ ಒಂದು ಸಮುದಾಯ, ಒಂದು ನೀತಿ ಬೇಕು ಅಂತ ಅವರಿಗೆ ಅನ್ನಿಸಿತ್ತು ಎಂದು ನಾನು ಓದಿಕೊಂಡಿದ್ದೇನೆ.

ಬ್ರಿಟಿಷರ ಕಾನೂನಿನ ಬಗ್ಗೆ ಇರುವ ಭಾಗವನ್ನೂ ಓದು. ಮತ ಬಿಟ್ಟವನು ಮನೆಯವರ ಪಾಲಿಗೆ ಸತ್ತಂತೆ. ಆಸ್ತಿ ಇಲ್ಲ, ಹೆಂಡತಿ ಮಕ್ಕಳು ಇಲ್ಲ. 1850ರಲ್ಲಿ ಕಾಯಿದೆ ಬಂತು, ಮತ ಬಿಟ್ಟರೂ ಪಿತ್ರಾರ್ಜಿತ ಹೋಗಬಾರದು ಅಂತ. ಆದರೆ ಆಸ್ತಿ ಉಳಿಸಿಕೊಡಬೇಕಾದರೆ ಕೋರ್ಟು ಅವನನ್ನು ಇನ್ನೂ ಹಳೆಯ ಮನೆಯವನೇ ಅಂತ ನೋಡಬೇಕಾಗುತ್ತಿತ್ತು. ಹಕ್ಕು ಕೊಟ್ಟ ಕೈಯಲ್ಲೇ ಅವನ ಹೊಸ ನಂಬಿಕೆಯನ್ನು ಅಳಿಸಿದ ಹಾಗಾಯಿತು.

ನಿನ್ನ ಊರಿನ ಕಥೆಯಂತೂ ನಾಗಪುರಕ್ಕಿಂತ ಹಳೆಯದು. ಮದರಾಸಿನ ಅಯೋತಿ ದಾಸ ಪಂಡಿತರು 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧರಾದರು, ಸಂಘ ಕಟ್ಟಿದರು. ಅದರ ಶಾಖೆ ಮಾರಿಕುಪ್ಪಂನಲ್ಲೇ ಇತ್ತು. ಗಣಿಯ ಸುರಂಗದಿಂದ ಮೇಲೆ ಬಂದ ಕೂಲಿಗಳು ಅವರ ತಮಿಳು ಪತ್ರಿಕೆ ಓದಿ ಬುದ್ಧನ ಬಗ್ಗೆ ಚರ್ಚೆ ಮಾಡುತ್ತಿದ್ದರು. ಚಿನ್ನ ಎಷ್ಟು ತೆಗೆದರು ಅನ್ನುವ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ಈ ಚರ್ಚೆಯ ಲೆಕ್ಕ ಕನ್ನಡದಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ನಿನಗೆ ತಮಿಳು ಬರುತ್ತದಲ್ವಾ? ಊರಿನ ಹಿರಿಯರ ಟ್ರಂಕುಗಳಲ್ಲಿ ಹಳೆಯ ಪತ್ರಿಕೆ ಇದ್ದರೆ ಗುಜರಿಗೆ ಹೋಗುವ ಮುಂಚೆ ಹೋಗಿ ನೋಡು.

ಮುಳಬಾಗಿಲಿನ ನಿವೃತ್ತ ಗುಮಾಸ್ತರು: ಇಂಗ್ಲಿಷ್ ಸಾಹಿತ್ಯ ಗುಲಾಮರನ್ನು ಮಾಡುವ ಹೂಟ ಅಂದರೆ ನಮ್ಮ ಮಾಸ್ತಿ, ಡಿವಿಜಿ ಗುಲಾಮರಾ?

ಸ್ವಾಮಿ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಪುಸ್ತಕ ಕೈಬಿಟ್ಟ ಜಾಗ ಇದೇ. ಕೈಬಿಟ್ಟದ್ದು ತಿಳಿದೇ. ಆಳುವವರು ಏನು ಯೋಚಿಸಿದರು ಅನ್ನುವುದಷ್ಟೇ ನನ್ನ ವಿಷಯ, ಕಲಿತವರು ಅದನ್ನು ಹೇಗೆ ತೆಗೆದುಕೊಂಡರು ಅನ್ನುವುದು ಬೇರೆ ಕಥೆ ಅಂತ ಗೌರಿಯವರು ಮೊದಲೇ ಹೇಳಿಬಿಡುತ್ತಾರೆ. ಆ ಬೇರೆ ಕಥೆ ಹೇಳಬೇಕಾದವರು ನಾವು.

ಮಾಸ್ತಿಯವರು ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು, ಆಮೇಲೆ ಮೈಸೂರು ಸರ್ಕಾರದ ದೊಡ್ಡ ಅಧಿಕಾರಿ. ಮೆಕಾಲೆ ಬಯಸಿದ ವರ್ಗಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದ್ದರು ಅನ್ನಬೇಕು. ಆದರೆ ಮಾಡಿದ್ದೇನು? ಕನ್ನಡದಲ್ಲಿ ಸಣ್ಣಕಥೆ ಬೆಳೆಸಿದರು. ಕೊಡಗನ್ನು ಇಂಗ್ಲಿಷರು ನುಂಗಿದ ಬಗೆಯನ್ನು 'ಚಿಕವೀರ ರಾಜೇಂದ್ರ'ದಲ್ಲಿ ಬಿಡಿಸಿಟ್ಟರು. ನಿಮ್ಮೂರಿನ ಡಿವಿಜಿಯವರು ಮೆಟ್ರಿಕ್ಕೂ ದಾಟಲಿಲ್ಲ. ಕಾಲೇಜಿನ ಯಾವ ಪಾಠಪಟ್ಟಿಯೂ ಅವರನ್ನು ಹಿಡಿದು ಕೂರಿಸಲಿಲ್ಲ. ಆದರೂ ಇಂಗ್ಲಿಷ್ ಓದಿಕೊಂಡು ಮ್ಯಾಕ್ಬೆತ್ ನಾಟಕವನ್ನು ಕನ್ನಡಕ್ಕೆ ತಂದರು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿಎಂಶ್ರೀ ಇಂಗ್ಲಿಷ್ ಪ್ರೊಫೆಸರಾಗಿದ್ದುಕೊಂಡೇ 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕವಿತೆಯ ನಡೆಯನ್ನೇ ಬದಲಿಸಿದರು. ಇವರನ್ನು ಗುಲಾಮರು ಅನ್ನುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಹಾಗಂತ ಪಾಠ ಇಟ್ಟವರ ಉದ್ದೇಶ ಶುದ್ಧವಾಗಿತ್ತು ಅಂತಲೂ ಹೇಳಲಾರೆ. ಇಟ್ಟವರ ಲೆಕ್ಕ ಒಂದು, ಉಂಡವರ ಲೆಕ್ಕ ಇನ್ನೊಂದು.

ದೊಡ್ಡವರ ಮಾತು ಬಿಡಿ, ನನ್ನ ಕ್ಲಾಸಿನದೊಂದು ಹೇಳುತ್ತೇನೆ. ಬೇಕನ್ನನ ಪ್ರಬಂಧಗಳು ಕಂಪನಿ ಕಾಲದಿಂದಲೂ ಇಲ್ಲಿ ಪಾಠ. ಕೋಲಾರದಲ್ಲಿ ನಾನೂ ಅದನ್ನೇ ಪಾಠ ಹೇಳಿದೆ. ಬೆಳಗಿನ ಜಾವ ಎಪಿಎಂಸಿ ಮಂಡಿಯಲ್ಲಿ ಟೊಮೇಟೊ ಬಾಕ್ಸು ಇಳಿಸಿ ನೇರ ಕ್ಲಾಸಿಗೆ ಬರುವ ಹುಡುಗರು. ಪುಸ್ತಕ ಹೊಸದಲ್ಲ, ಸೀನಿಯರುಗಳಿಂದ ಅರ್ಧ ಬೆಲೆಗೆ ಕೊಂಡದ್ದು. ಅಂಥ ಒಂದು ಪುಸ್ತಕ ಕೈಗೆ ತೆಗೆದುಕೊಂಡೆ. ಪ್ರತಿ ಇಂಗ್ಲಿಷ್ ಸಾಲಿನ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಅದರ ಉಚ್ಚಾರ, ಕನ್ನಡ ಅಕ್ಷರದಲ್ಲಿ. ಅದರ ಪಕ್ಕ ನೀಲಿ ಪೆನ್ನಿನಲ್ಲಿ ಇನ್ನೊಬ್ಬನ ಕೈಬರಹ, ಅರ್ಥ. ಮೂರನೆಯವನು ಪಕ್ಕದ ಖಾಲಿ ಜಾಗದಲ್ಲಿ ದೊಡ್ಡದಾಗಿ ಬರೆದಿದ್ದ: 'ಇವನು ಲಂಚ ತಗೊಂಡು ಸಿಕ್ಕಿಬಿದ್ದವನಲ್ವಾ?'

ನಿಜ. ಲಾರ್ಡ್ ಚಾನ್ಸಲರ್ ಆಗಿದ್ದ ಬೇಕನ್ 1621ರಲ್ಲಿ ಲಂಚದ ಆರೋಪ ಒಪ್ಪಿಕೊಂಡು ಕೆಲಸ ಕಳೆದುಕೊಂಡ. ಪುಸ್ತಕದ ಮುಂದಿನ ಲೇಖಕರ ಪರಿಚಯದಲ್ಲಿ ಒಂದು ಸಾಲಿನಲ್ಲಿತ್ತು. ನೀತಿ ಹೇಳುವ ಇಂಗ್ಲಿಷಿನವನ ಹಿಂದೆ ನಿಜವಾದ ಇಂಗ್ಲಿಷಿನವನನ್ನು ಆ ಹುಡುಗ ತಾನೇ ಹುಡುಕಿ ತೆಗೆದಿದ್ದ. ಅವನು ಗೌರಿಯವರನ್ನು ಓದಿದವನಲ್ಲ. ತಹಸೀಲ್ದಾರ್ ಕಚೇರಿಯಲ್ಲಿ ಪಹಣಿಗೆ ಅಲೆದ ಮನೆಯಿಂದ ಬಂದವನು, ಅಷ್ಟೇ. ಮುಂದಿನ ಗಂಟೆಯಿಡೀ ಕ್ಲಾಸಿನಲ್ಲಿ ಅದೇ ಚರ್ಚೆ ನಡೆಯಿತು. ಲಂಚ ತಿಂದವನ ನೀತಿಮಾತನ್ನು ನಾವು ಯಾಕೆ ಓದಬೇಕು, ಓದಿದರೆ ಹೇಗೆ ಓದಬೇಕು ಅಂತ. ಅಂಥ ಪಾಠ ನನಗೆ ಮತ್ತೆ ಸಿಗಲಿಲ್ಲ.

ಚಿಂತಾಮಣಿಯ ಗೃಹಿಣಿ: ಹಾಗಾದರೆ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ನಿಲ್ಲಿಸಬೇಕಾ?

ಬೇಡಮ್ಮ. ಭಾಷೆ ಮಕ್ಕಳಿಗೆ ಬೇಕು, ಒಳ್ಳೆಯ ಕವಿತೆಯೂ ಬೇಕು. ಆದರೆ ಈ ಪಾಠ ಇಲ್ಲಿಗೆ ಹೇಗೆ ಬಂತು ಅನ್ನುವುದನ್ನು ಮೊದಲ ವಾರವೇ ಹೇಳಬೇಕು. ವೆಲ್ಲೂರು, ಬೆಂಟಿಂಕ್, ಮೆಕಾಲೆ, ಎಲ್ಲ. ಅದು ಯಾವ ಸಿಲಬಸ್ಸಿನಲ್ಲೂ ಮೊದಲ ಪಾಠವಾಗಿ ಇಲ್ಲದಿರುವುದು ನನಗೆ ಬೇಸರ.

ಕೋಲಾರದ ಓದುಗರೊಬ್ಬರು: 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಪುಸ್ತಕ ಕಷ್ಟವಾ? ಎಲ್ಲಿಂದ ಶುರುಮಾಡಲಿ?

ಇಂಗ್ಲಿಷ್ ಸ್ವಲ್ಪ ಬಿಗಿ. ಇಪ್ಪತ್ತೈದು ವರ್ಷ ತುಂಬಿದ ಮೇಲೆ ಕೊಲಂಬಿಯಾದವರು ಹೊಸ ಮುನ್ನುಡಿಯೊಂದಿಗೆ ಮತ್ತೆ ಅಚ್ಚು ಹಾಕಿದ್ದಾರೆ, ಸಿಕ್ಕಿದರೆ ಅದನ್ನೇ ಕೊಳ್ಳಿ. ಮೊದಲ ಅಧ್ಯಾಯದಲ್ಲಿ 1813ರ ಕಥೆ ಇದೆ, ಅದನ್ನು ಓದಿ. ಎರಡನೆಯದರಲ್ಲಿ ಮಿಷನರಿಗಳ ಜಗಳ. ನಡುವೆ ಸಾಕಾಯಿತು ಅನ್ನಿಸಿದರೆ ನೇರ ಕೊನೆಗೆ ಹೋಗಿ. ಆ ಅಧ್ಯಾಯದ ಹೆಸರೇ ಇಂಗ್ಲಿಷಿನ ಸೋಲು. ಓದಿಸಿದರು, ಓದಿದವರಿಗೆಲ್ಲ ಕೆಲಸ ಕೊಡಲಾಗಲಿಲ್ಲ, ಆಮೇಲೆ ಓದಿದವರನ್ನೇ ಕಂಡು ಸರ್ಕಾರ ಹೆದರಿತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮಕ್ಕಳಿರುವ ಮನೆಗೆ ಅದು ಬೇಗ ಅರ್ಥವಾಗುತ್ತದೆ. ಒಪ್ಪದ ಕಡೆ ಪುಟದ ನಂಬರು ಹಾಕಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.